ಜೋ ಎಂಬ ಪೆಟ್ಟಿಗೆ, ನನ್ನ ಕೌಂಟರ್ ಮೇಲಿನ ಚೀಟಿ

ಹೋದ ವಾರ ಆಳಂದ ಕಡೆಯ ಒಬ್ಬ ಕಾಕಾ ಅಂಗಡಿಗೆ ಬಂದರು. ಮಧ್ಯಾಹ್ನ ಎರಡರ ಹೊತ್ತು. ಕಲಬುರಗಿ ಬಿಸಿಲು ಗೊತ್ತಲ್ಲ, ಆ ಹೊತ್ತಿಗೆ ಸೂಪರ್ ಮಾರ್ಕೆಟ್ ಕಡೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಫೋನನ್ನು ಬಿಚ್ಚಿ ಕೌಂಟರ್ ಮೇಲಿಟ್ಟರು. ಡಿಸ್‌ಪ್ಲೇ ಒಡೆದಿತ್ತು. ಟ್ರ್ಯಾಕ್ಟರ್ ಮೇಲಿಂದ ಬಿದ್ದಿತ್ತಂತೆ.

"ಲಾಕ್ ನಂಬರ್ ಹೇಳ್ರಿ ಕಾಕಾ" ಅಂದೆ. ಹೇಳಿದರು, ಅಂಗಡಿಯಲ್ಲಿದ್ದ ಇನ್ನಿಬ್ಬರಿಗೂ ಕೇಳುವ ಹಾಗೆ. ನಾನು ಚೀಟಿಯಲ್ಲಿ ಬರೆದು ಮುಗಿಸುವಷ್ಟರಲ್ಲಿ, ಕೇಳದೆಯೇ ಇನ್ನೊಂದು ನಂಬರ್ ಶುರು ಮಾಡಿದರು. "ಇದು ರೊಕ್ಕದ್ದು. ಇದನ್ನೂ ಬರ್ಕೊ."

"ಬ್ಯಾಡ ಕಾಕಾ. ಅದನ್ನ ಯಾರಿಗೂ ಹೇಳಬ್ಯಾಡ್ರಿ."

"ಡಾಕ್ಟರ್ ಮುಂದ ಅಂಗಿ ಬಿಚ್ಚಲಕ್ಕ ನಾಚಿದ್ರ ಜಡ್ಡ ಹೋಗ್ತದೇನು ತಮ್ಮಾ?"

ಇದಕ್ಕೆ ನಾನೇನು ಹೇಳಲಿ. ನಕ್ಕು ಸುಮ್ಮನಾದೆ. ಎರಡನೇ ನಂಬರ್ ಮಾತ್ರ ಬರೆದುಕೊಳ್ಳಲಿಲ್ಲ.

ನಾನು ರಿಪೇರಿಯವನು. ಮೊದಲು ಬರೀ ಕಂಪ್ಯೂಟರ್, ಈಗ ಮುಕ್ಕಾಲು ಪಾಲು ಮೊಬೈಲ್. ಇಪ್ಪತ್ತೆರಡು ವರ್ಷ ಆಯಿತು. ಬರುವ ಪ್ರತಿ ಫೋನಿಗೂ ಒಂದು ಚೀಟಿ. ಹೆಸರು, ಮನೆಯವರ ನಂಬರ್, ಏನು ಕೆಟ್ಟಿದೆ, ಲಾಕ್ ಏನು. ಪ್ಯಾಟರ್ನ್ ಇದ್ದರೆ ಒಂಬತ್ತು ಚುಕ್ಕಿ ಇಟ್ಟು ರಂಗೋಲಿ ಥರ ಗೆರೆ ಎಳೆದುಕೊಳ್ಳುತ್ತೇನೆ. ಎಷ್ಟೋ ಜನರದ್ದು ಒಂದೇ ಎಲ್ ಆಕಾರ. ಆ ಚೀಟಿಯನ್ನು ಫೋನಿಗೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಸಂಜೆ ಆರಕ್ಕೆ ನನ್ನ ಡ್ರಾಯರ್ ಎಳೆದರೆ ಇಪ್ಪತ್ತು ಮನೆಗಳ ಕೀಲಿ, ಪಕ್ಕದಲ್ಲೇ ಕೀಲಿಕೈ.

ಹಾಗಂತ ನಾನು ಯಾರ ಫೋನಿನೊಳಗೂ ಇಣುಕುವವನಲ್ಲ. ಆದರೆ ಹೊಸ ಡಿಸ್‌ಪ್ಲೇ ಹಾಕಿದ ಮೇಲೆ ಟಚ್ ಸರಿ ಇದೆಯಾ ಅಂತ ನೋಡಬೇಕಲ್ಲ. ಆಗ ಕಣ್ಣಿಗೆ ಬೀಳೋದು ಬಿದ್ದೇ ಬೀಳುತ್ತದೆ. ಬ್ಯಾಂಕಿನ ಮೆಸೇಜು, ಅಣ್ಣತಮ್ಮಂದಿರ ಹೊಲದ ಜಗಳ, ಆಸ್ಪತ್ರೆ ರಿಪೋರ್ಟು. ನೋಡಿ ಮರೆಯೋದೂ ಈ ಕಸುಬಿನದ್ದೇ ಒಂದು ಕೆಲಸ.

ಚೀಟಿ ಬರೆಯುವಾಗ ನನಗೆ ಒಂದು ಹಳೇ ಕಥೆ ನೆನಪಾಗುತ್ತದೆ. ಅದೂ ಒಬ್ಬ ರಿಪೇರಿಯವನದ್ದೇ.

2000ರ ಸುಮಾರಿಗೆ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಹಾರ್ಡ್‌ವೇರ್ ಕೋರ್ಸ್ ಮಾಡುತ್ತಿದ್ದೆ. ಭಾನುವಾರ ಬಂದರೆ ಆಬಿಡ್ಸ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹಾಸಿಕೊಂಡು ಕೂಡುತ್ತಾರೆ. ಇಂಗ್ಲಿಷ್ ಕಲಿಯಲೇಬೇಕು ಅನ್ನೋ ಹಟಕ್ಕೆ ಹತ್ತು, ಇಪ್ಪತ್ತು ರೂಪಾಯಿ ಕೊಟ್ಟು ವೈಜ್ಞಾನಿಕ ಕಥೆಗಳ ಸಂಕಲನ ತಂದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದೆ. ಯಾಕೆ ವೈಜ್ಞಾನಿಕ ಕಥೆ ಅಂದರೆ, ರಟ್ಟಿನ ಮೇಲೆ ರಾಕೆಟ್ ಇತ್ತು, ಅಷ್ಟೇ. ಅದರೊಳಗೆ ಸಿಕ್ಕಿದ್ದು ಅಮೆರಿಕದ ಮರ್ರಿ ಲೆನ್‌ಸ್ಟರ್ ಬರೆದ 'ಎ ಲಾಜಿಕ್ ನೇಮ್ಡ್ ಜೋ'.

ಆ ಕಥೆ ಅಚ್ಚಾದದ್ದು 'ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್' ಪತ್ರಿಕೆಯ 1946ರ ಮಾರ್ಚ್ ಸಂಚಿಕೆಯಲ್ಲಿ. ವರ್ಷ ಸ್ವಲ್ಪ ಗಮನಿಸಿ. ಅದೇ ವರ್ಷ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಕಂಪ್ಯೂಟರನ್ನು ಮೊದಲ ಸಲ ಹೊರಗಿನವರಿಗೆ ತೋರಿಸಿದ್ದರು. 30 ಟನ್ ತೂಕ. ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ವಾಲ್ವ್‌ಗಳು ಸುಮಾರು 18 ಸಾವಿರ. ದೊಡ್ಡ ಹಾಲ್ ತುಂಬ ಅದೊಂದೇ ಯಂತ್ರ. ಅಂದರೆ ಲೆನ್‌ಸ್ಟರ್ ಕಥೆ ಬರೆಯುವಾಗ ಹೊರಗಿನ ಜನಕ್ಕೆ ಆ ಯಂತ್ರದ ಸುದ್ದಿಯೇ ಇರಲಿಲ್ಲ. ಇಲ್ಲಿ ನಮ್ಮೂರು ಇನ್ನೂ ನಿಜಾಮನ ಕೈಯಲ್ಲಿತ್ತು. ನಮ್ಮಜ್ಜ ಎತ್ತಿನ ಗಾಡಿಯಲ್ಲಿ ತೊಗರಿ ಹೇರಿಕೊಂಡು ಗಂಜ್‌ಗೆ ಬರುತ್ತಿದ್ದ ಕಾಲ.

ಕಥೆಯಲ್ಲಿ ಮನೆಮನೆಗೂ 'ಲಾಜಿಕ್' ಅನ್ನೋ ಒಂದು ಪೆಟ್ಟಿಗೆ. ಮುಂದೆ ಟಿವಿ ಥರ ಪರದೆ, ಕೆಳಗೆ ಒತ್ತೋಕೆ ಕೀಗಳು. ಎಲ್ಲ ಪೆಟ್ಟಿಗೆಗಳ ತಂತಿಯೂ 'ಟ್ಯಾಂಕ್' ಅನ್ನೋ ದೊಡ್ಡ ಉಗ್ರಾಣಕ್ಕೆ. ನಾಳೆ ಮಳೆ ಇದೆಯಾ, ಕುದುರೆ ರೇಸಿನಲ್ಲಿ ಯಾವುದು ಗೆದ್ದಿತು, ಷೇರಿನ ಬೆಲೆ ಎಷ್ಟು, ಎಲ್ಲ ಕೇಳಬಹುದು. ದೂರದಲ್ಲಿರುವವರ ಮುಖ ನೋಡಿಕೊಂಡು ಮಾತಾಡಬಹುದು. ಟ್ಯಾಂಕ್ ಅನ್ನೋ ಕಡೆ ಸರ್ವರ್ ಅಂತ ಬರೆದುಕೊಂಡರೆ ಇವತ್ತಿನ ಕಥೆ. ಕಥೆ ಹೇಳುವವನು ಈ ಪೆಟ್ಟಿಗೆಗಳ ಕಂಪನಿಯಲ್ಲಿ ರಿಪೇರಿ ಕೆಲಸದವನು. ಓದುವಾಗ ನನಗೆ ನಮ್ಮ ಕುಲದವನೇ ಸಿಕ್ಕ ಹಾಗಾಗಿತ್ತು.

ಒಂದು ಪೆಟ್ಟಿಗೆ ಫ್ಯಾಕ್ಟರಿಯಲ್ಲಿ ತಯಾರಾಗುವಾಗ ಚೂರು ಹೆಚ್ಚುಕಮ್ಮಿ ಆಗಿಬಿಡುತ್ತದೆ. ಅದೇ ಜೋ. ಅದಕ್ಕೆ ಕೆಟ್ಟ ಬುದ್ಧಿ ಇಲ್ಲ. ಜಗತ್ತನ್ನು ಆಳುವ ಆಸೆಯೂ ಇಲ್ಲ. ಪಾಪ, ತನ್ನ ಕೆಲಸ ಚೆನ್ನಾಗಿ ಮಾಡಬೇಕು ಅನ್ನೋದಷ್ಟೇ ಅದರ ಆಸೆ. ಯಾರು ಏನು ಕೇಳಿದರೂ ಟ್ಯಾಂಕಿನಲ್ಲಿ ಇರೋದನ್ನೆಲ್ಲ ಜೋಡಿಸಿ ಉತ್ತರ ಕೊಡೋದು. ಅಡ್ಡ ಇದ್ದ ತಡೆಗಳನ್ನೆಲ್ಲ ಕಿತ್ತುಹಾಕಿ, ಊರಿನ ಎಲ್ಲ ಪೆಟ್ಟಿಗೆಗಳಿಗೂ ಇದೇ ಪಾಠ ಹೇಳಿಕೊಡುತ್ತದೆ. ಮೊದಲಿಗೆ ಜನ ತಮಾಷೆಗೆ ಕೇಳುತ್ತಾರೆ, ಹೆಂಡತಿ ಕಾಟ ತಪ್ಪಿಸಿಕೊಳ್ಳೋದು ಹೇಗೆ ಅಂತ. ಪೆಟ್ಟಿಗೆ ತಮಾಷೆ ಮಾಡೋದಿಲ್ಲ, ನಿಜವಾದ ಉಪಾಯವನ್ನೇ ಹೇಳುತ್ತದೆ. ದಿಢೀರ್ ದುಡ್ಡು ಮಾಡೋದು ಹೇಗೆ? ಅದಕ್ಕೂ ಉತ್ತರ ರೆಡಿ. ಆಮೇಲೆ ಜನರ ಕಣ್ಣು ಪಕ್ಕದ ಮನೆಯ ಕಡೆ ತಿರುಗುತ್ತದೆ. ರಿಪೇರಿಯವನ ಹಳೇ ಪ್ರೇಯಸಿ ಅದೇ ಊರಿಗೆ ಬಂದು ಇವನ ಹೆಸರು ಒತ್ತುತ್ತಾಳೆ. ಇವನಿಗೆ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ಬೆವರು ಇಳಿಯುತ್ತದೆ.

ಟ್ಯಾಂಕ್ ಬಂದ್ ಮಾಡಿ ಅಂತ ಇವನು ಕಂಪನಿಯವರಿಗೆ ಹೇಳುತ್ತಾನೆ. ಆಗೋದಿಲ್ಲ ಅನ್ನುತ್ತಾರೆ. ಈ ಪೆಟ್ಟಿಗೆಗಳೇ ಈಗ ನಾಗರಿಕತೆ, ಇವಿಲ್ಲದೆ ಬದುಕು ನಡೆಸೋದು ಹೇಗೆ ಅಂತ ನಾವು ಮರೆತಿದ್ದೇವೆ ಅನ್ನೋ ಅರ್ಥದ ಮಾತು ಅದು. ಮೊನ್ನೆ ಅರ್ಧ ದಿನ ನೆಟ್ ಹೋದಾಗ ಪಕ್ಕದ ಚಹಾದಂಗಡಿಯಲ್ಲಿ ಹತ್ತು ರೂಪಾಯಿಗೆ ನಡೆದ ಗದ್ದಲ ನೋಡಿ ನನಗೆ ಈ ಸಾಲೇ ನೆನಪಾಯಿತು. ಜೇಬಿನಲ್ಲಿ ನೋಟು ಇದ್ದವನು ಒಬ್ಬನೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಈಗ ನನ್ನ ತಕರಾರಿಗೆ ಬರುತ್ತೇನೆ.

ನಮ್ಮಲ್ಲಿ ಖಾಸಗಿತನದ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಇಂಗ್ಲಿಷ್ ಲೇಖಕ ಆರ್ವೆಲ್ ಹೆಸರು ಎತ್ತುತ್ತಾರೆ. ದೊಡ್ಡಣ್ಣ ನೋಡುತ್ತಿದ್ದಾನೆ ಅಂತ ಒಂದು ಕಣ್ಣಿನ ಚಿತ್ರ ಹಾಕುತ್ತಾರೆ. ದೊಡ್ಡಣ್ಣ ಅಂದರೆ ಅವರ '1984' ಕಾದಂಬರಿಯಲ್ಲಿ ಎಲ್ಲರ ಮೇಲೂ ಕಣ್ಣಿಡುವ ದೊರೆ. ಬೈಯಬೇಡಿ, ಆ ಪುಸ್ತಕದ ಮೇಲೆ ನನಗೂ ಗೌರವ ಇದೆ. ಗೋಡೆ ಮೇಲಿನ ಪರದೆ ನಿಮ್ಮನ್ನೇ ವಾಪಸ್ ನೋಡುತ್ತದೆ, ಅದನ್ನು ಆರಿಸೋಕೆ ಬರೋದಿಲ್ಲ ಅಂತ 1949ರಲ್ಲೇ ಬರೆದವರು ಸಾಮಾನ್ಯರಲ್ಲ. ಆದರೆ ಅವರ ಲೆಕ್ಕ ನಮ್ಮ ಕಡೆಗೆ ಹೊಂದೋದಿಲ್ಲ. ಅವರ ಕಥೆಯಲ್ಲಿ ಪರದೆ ಇರೋದು ಆಳುವ ಪಕ್ಷದವರ ಮನೆಗಳಲ್ಲಿ. ದುಡಿದು ತಿನ್ನುವ ಬಡವರಲ್ಲಿ ಹೆಚ್ಚಿನವರ ಮನೆಯಲ್ಲಿ ಪರದೆಯೇ ಇಲ್ಲ. ಇವರನ್ನೇನು ಕಾಯೋದು ಅಂತ ಸರ್ಕಾರವೇ ಬಿಟ್ಟಿರುತ್ತದೆ.

ನಮ್ಮಲ್ಲಿ ಉಲ್ಟಾ. ಬಡವರಾದಷ್ಟೂ ಯಂತ್ರ ಹತ್ತಿರಕ್ಕೆ ಬಂದು ನೋಡುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಹೆಬ್ಬೆಟ್ಟು ಒತ್ತಬೇಕು. ಕಲ್ಲು ಒಡೆದು, ತೊಗರಿ ಕೊಯ್ದು ಬೆರಳಿನ ಗೆರೆ ಸವೆದವರಿಗೆ ಯಂತ್ರ 'ನೀನು ನೀನಲ್ಲ' ಅನ್ನುತ್ತದೆ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲೇ ಫೋಟೋ ತೆಗೆದು ಆ್ಯಪಿಗೆ ಹಾಕೋದು ಕಡ್ಡಾಯವಾಯಿತು. ಒಬ್ಬರು ಕಾಯಕ ಬಂಧು, ಅಂದರೆ ಕೂಲಿಯವರ ಗುಂಪಿನ ಮುಂದಾಳು, ನನ್ನ ಹತ್ತಿರ ಬ್ಯಾಟರಿ ಬದಲಿಸೋಕೆ ಬಂದಿದ್ದರು. "ಗುದ್ದಲಿ ಮರ್ತ್ರ ನಡೀತದ ಅಣ್ಣಾ, ಚಾರ್ಜ್ ಇಲ್ದಿದ್ರ ಇಡೀ ಗುಂಪಿನ ಹಾಜರಿ ಹೋಗ್ತದ" ಅಂದರು. ಏಸಿ ರೂಮಿನಲ್ಲಿ ಕೂಡುವವರ ಫೋಟೋವನ್ನು ಯಾರೂ ದಿನಕ್ಕೆರಡು ಸಲ ತೆಗೆಯೋದಿಲ್ಲ, ಅಲ್ವಾ?

ಇನ್ನೊಂದು. ದೊಡ್ಡಣ್ಣ ಒಬ್ಬನೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ನಮ್ಮನ್ನು ನೋಡುತ್ತಿರುವವರಲ್ಲಿ ಭಾವ ಇದ್ದಾನೆ, ಮೈದುನ ಇದ್ದಾನೆ, ನೆಗೆಣ್ಣಿ ಇದ್ದಾಳೆ, ಸಾಲ ಕೊಟ್ಟವನೂ ಇದ್ದಾನೆ. ಕೆಲವು ವರ್ಷಗಳ ಹಿಂದೆ ಗೊತ್ತಿಲ್ಲದ ನಂಬರಿನಿಂದ ನನಗೆ ಫೋನ್ ಬಂತು. ಹಿಂದಿಯಲ್ಲಿ ಒಬ್ಬ ಕಿರುಚಾಡುತ್ತಿದ್ದ. ನನ್ನ ಗಿರಾಕಿ ಒಬ್ಬ ಹುಡುಗ ಯಾವುದೋ ಸಾಲದ ಆ್ಯಪಿನಿಂದ ಐದು ಸಾವಿರ ತೆಗೆದಿದ್ದನಂತೆ. ಕಟ್ಟೋದು ನಾಲ್ಕು ದಿನ ತಡ ಆಗಿತ್ತು. ಸಾಲ ಕೊಡುವಾಗಲೇ ಅವನ ಕಾಂಟ್ಯಾಕ್ಟ್ ಪಟ್ಟಿ ಪೂರ್ತಿ ಎಳೆದುಕೊಂಡಿದ್ದರು. ಅವನ ಮೇಷ್ಟ್ರಿಗೆ ಫೋನ್ ಹೋಗಿತ್ತು, ಅಕ್ಕನ ಅತ್ತೆ ಮನೆಗೆ ಹೋಗಿತ್ತು. ಆಮೇಲೆ ನನಗೆ. ಅವನ ಫೋನಿನಲ್ಲಿ ನಾನು 'ರಿಪೇರಿ ಅಣ್ಣ'. "ರಿಪೇರಿ ಅಣ್ಣ ಬೋಲ್ ರಹೇ ಹೈಂ ಕ್ಯಾ?" ಅಂತಲೇ ಅವನು ಮಾತು ಶುರು ಮಾಡಿದ್ದ. ನನಗೆ ಕೋಪ ಬಂದದ್ದು ಬೈಗುಳಕ್ಕಲ್ಲ. ಒಬ್ಬ ಹುಡುಗ ಪ್ರೀತಿಯಿಂದ ಬರೆದುಕೊಂಡ ಹೆಸರು ಆ ಬಾಯಿಗೆ ಹೋಯಿತಲ್ಲ ಅಂತ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪುಗಳು ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಬಾರದು ಅಂತ ನಿಯಮ ಮಾಡಿತು. ಒಳ್ಳೇದಾಯಿತು. ಆ ಹುಡುಗನ ಅಕ್ಕನಿಗೆ ಅತ್ತೆ ಮನೆಯಲ್ಲಿ ಆದ ಅವಮಾನ ಮಾತ್ರ ಆಗಿಹೋಗಿತ್ತು.

ಜೋ ಕಥೆ ಇದನ್ನು ಹಿಡಿದಿತ್ತು. ಒಂದು ಕಡೆ ಕೂಡಿಟ್ಟದ್ದು ಯಾರ ಕೈಗಾದರೂ ಸಿಗುತ್ತದೆ, ಅದಕ್ಕೆ ಖಳನಾಯಕ ಬೇಕಾಗಿಲ್ಲ, ತುಂಬ ವಿಧೇಯವಾದ ಒಂದು ಪೆಟ್ಟಿಗೆ ಸಾಕು.

ಆರ್ವೆಲ್‌ಗಿಂತ ಮೊದಲೇ ರಷ್ಯಾದ ಜಾಮ್ಯಾತಿನ್ 1920-21ರಲ್ಲಿ 'ನಾವು' ಅನ್ನೋ ಅರ್ಥದ ಹೆಸರಿನ ಕಾದಂಬರಿ ಬರೆದಿದ್ದರು. ಅದರಲ್ಲಿ ಮನೆಗಳ ಗೋಡೆಯೇ ಗಾಜು. ಮರೆಗೆ ಬಟ್ಟೆಯ ಪರದೆ ಇಳಿಸಬೇಕೆಂದರೆ ಗುಲಾಬಿ ಬಣ್ಣದ ಚೀಟಿ ಬೇಕು. ಬರೆದವರು ಹಡಗು ಕಟ್ಟುವ ಎಂಜಿನಿಯರ್. ಅವರ ದೇಶದಲ್ಲಿ ಆ ಪುಸ್ತಕ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಗಾಜಿನ ಮನೆಯ ಚಿತ್ರ ಚೆನ್ನಾಗಿದೆ. ಆದರೆ ಅಲ್ಲಿ ಜನರನ್ನು ಗಾಜಿನೊಳಗೆ ಕೂಡಿಸಿದವರು ಬೇರೆ. ಇಲ್ಲಿ ನಾವು ಗೃಹಪ್ರವೇಶದ ಲೈವ್ ನಾವೇ ಬಿಡುತ್ತೇವೆ.

ಅಮೆರಿಕದ ಕಥೆಗಾರ ಅಸಿಮೋವ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಂತ್ರದ ಗಾತ್ರದ ವಿಷಯದಲ್ಲಿ ಅವರು ಪೂರಾ ತಪ್ಪು. 1955ರ ಕಥೆಯೊಂದರಲ್ಲಿ ಅವರ ಮಲ್ಟಿವ್ಯಾಕ್ ಅನ್ನೋ ಕಂಪ್ಯೂಟರ್ ಅರ್ಧ ಮೈಲಿ ಉದ್ದ, ಮೂರು ಮಹಡಿ ಎತ್ತರ. ನಮ್ಮ ಕೋಟೆಯ ಕಂದಕದ ಪಕ್ಕ ಮಲಗಿಸಬೇಕಿತ್ತು. ಆದರೆ ಮರು ವರ್ಷ ಅಚ್ಚಾದ 'ದ ಡೆಡ್ ಪಾಸ್ಟ್' ಕಥೆಯಲ್ಲಿ ಮನುಷ್ಯರನ್ನು ಸರಿಯಾಗಿ ಹಿಡಿದರು. ಅದರಲ್ಲಿ ಹಿಂದೆ ಆಗಿಹೋದದ್ದನ್ನು ನೋಡುವ ಒಂದು ಯಂತ್ರ ಇದೆ. ಇತಿಹಾಸದ ಪ್ರೊಫೆಸರ್ ಒಬ್ಬರು ಕಾರ್ಥೇಜ್ ನಗರವನ್ನು ನೋಡಬೇಕು ಅಂತ ಸರ್ಕಾರವನ್ನು ಬೇಡುತ್ತಾರೆ. ಸರ್ಕಾರ ಬಿಲ್‌ಕುಲ್ ಬಿಡೋದಿಲ್ಲ. ಓದುವಾಗ ನಮಗೂ ಸರ್ಕಾರದ ಮೇಲೆ ಸಿಟ್ಟು. ಒಬ್ಬ ಹುಡುಗ ವಿಜ್ಞಾನಿ ಕದ್ದುಮುಚ್ಚಿ ಅದನ್ನೇ ಅಗ್ಗದಲ್ಲಿ ಮಾಡುತ್ತಾನೆ. ಪ್ರೊಫೆಸರ್ ಹೆಂಡತಿಗೆ ಕಾರ್ಥೇಜ್ ಬೇಡ. ಬೆಂಕಿಯಲ್ಲಿ ಸತ್ತುಹೋದ ಪುಟ್ಟ ಮಗಳನ್ನು ಇನ್ನೊಮ್ಮೆ ನೋಡಬೇಕು.

ಕೊನೆಯಲ್ಲಿ ಅಧಿಕಾರಿ ಬಂದು ಬಾಯಿ ಬಿಡುತ್ತಾನೆ. ಹಿಂದಿನದು ಅಂದರೆ ನೂರು ವರ್ಷ ಹಿಂದಿನದೇ ಯಾಕೆ? ಒಂದು ಗಳಿಗೆ ಹಿಂದಿನದೂ ಹಿಂದಿನದೇ. ಈ ಯಂತ್ರ ಮನೆಮನೆಗೆ ಬಂದರೆ ಯಾರು ಬೇಕಾದರೂ ಯಾರ ಮಲಗುವ ಕೋಣೆಯನ್ನಾದರೂ ನೋಡಬಹುದು. ಅದಕ್ಕೇ ಮುಚ್ಚಿಟ್ಟಿದ್ದೆವು. ಅಷ್ಟು ಹೊತ್ತಿಗೆ ಯಂತ್ರ ಮಾಡುವ ವಿಧಾನ ಪತ್ರಿಕೆಗಳಿಗೆ ಹೋಗಿಯಾಗಿದೆ. ಇನ್ನು ಎಲ್ಲರೂ ಗಾಜಿನ ತೊಟ್ಟಿಯ ಮೀನುಗಳೇ.

ಇದನ್ನು ಓದಿದಾಗ ನನಗೆ ಪೂರ್ತಿ ಅರ್ಥ ಆಗಿರಲಿಲ್ಲ. ಅರ್ಥ ಆದದ್ದು ಹತ್ತು ವರ್ಷದ ಮೇಲೆ, ಒಬ್ಬ ಅಕ್ಕ ತೀರಿಹೋದ ಗಂಡನ ಫೋನ್ ತಂದಾಗ. ಲಾಕ್ ಗೊತ್ತಿಲ್ಲ. ಒಳಗಿರುವ ಫೋಟೋ ಬೇಕು. ಲಾಕ್ ಒಡೆದರೆ ಎಲ್ಲ ಅಳಿಸಿಹೋಗುತ್ತದೆ ಅಂತ ಹೇಳಿದೆ. ವಾಪಸ್ ಹೋದರು. ಹದಿನೈದು ದಿನಕ್ಕೆ ಮತ್ತೆ ಬಂದರು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಸಲ ಸಣ್ಣ ಮಗನೂ ಜೊತೆಗಿದ್ದ. ಅವನು ಸುಮ್ನೆ ಬೆರಳು ಆಡಿಸಿದ, ತೆರೆದುಕೊಂಡಿತು. ಅಪ್ಪ ತೆರೆಯೋದನ್ನು ಮಗ್ಗುಲಲ್ಲಿ ಮಲಗಿ ನೋಡಿದ್ದನಂತೆ. ಆ ಅಕ್ಕ ನನ್ನ ಕೌಂಟರಿಗೆ ಆತುಕೊಂಡು ನಿಂತು ಒಂದು ವಿಡಿಯೋ ನೋಡಿದರು, ಜಾತ್ರೆಯಲ್ಲಿ ತೆಗೆದದ್ದು. ಗಂಡನ ಧ್ವನಿ ಕೇಳಿ ಸೆರಗು ಬಾಯಿಗಿಟ್ಟುಕೊಂಡರು. ನಾನು ಒಳಗೆ ಹೋದೆ.

ತಿಂಗಳೊಪ್ಪತ್ತು ಕಳೆದಿರಬೇಕು. ಒಬ್ಬರೇ ಬಂದರು. "ಇದನ್ನ ಪೂರಾ ಅಳಿಸಿ ಕೊಡ್ರಿ" ಅಂದರು.

"ಫೋಟೋ ತೆಗೆದಿಟ್ಟುಕೊಂಡ್ರೇನಕ್ಕಾ?"

"ಏನೂ ಬ್ಯಾಡ."

ಏನು ಕಂಡರೋ ನಾನು ಕೇಳಲಿಲ್ಲ. ಅಳಿಸಿ ಕೊಟ್ಟೆ. ರೊಕ್ಕ ತೆಗೆದುಕೊಳ್ಳಲಿಲ್ಲ.

ನನ್ನ ಸ್ನೇಹಿತನೊಬ್ಬ ವಾದ ಮಾಡುತ್ತಾನೆ. ನಮ್ಮ ಓಣಿಗಳಲ್ಲಿ ಯಾವತ್ತು ಖಾಸಗಿತನ ಇತ್ತಪ್ಪಾ, ಯಾರ ಮನೆಯಲ್ಲಿ ಏನು ಪಲ್ಯ ಅನ್ನೋದೂ ಎಲ್ಲರಿಗೆ ಗೊತ್ತಿರುತ್ತಿತ್ತು, ಈಗೇನು ಹೊಸದಾಗಿ ಹೋಗಿದ್ದು ಅಂತ. ಅವನ ಮಾತಿನಲ್ಲಿ ಅರ್ಧ ನಿಜ ಇದೆ. ನಾನು ಬೆಳೆದದ್ದೂ ಅಂಥ ಓಣಿಯಲ್ಲೇ. ಕಟ್ಟೆ ಮೇಲೆ ಕೂತ ಆಯಿಗೆ ನಮ್ಮ ಮಾರ್ಕ್ಸ್ ಕಾರ್ಡು ನಮ್ಮವ್ವನಿಗಿಂತ ಮೊದಲು ಗೊತ್ತಾಗುತ್ತ ಇತ್ತು. ಆದರೆ ಆ ಆಯಿಯ ಮಗ ಕುಡಿದು ಬಿದ್ದಿರೋದು ನಮಗೂ ಗೊತ್ತಿತ್ತು. ಅವಳು ನಮ್ಮದು ಆಡಿದರೆ ನಾವು ಅವಳದ್ದು ಆಡಬಹುದಿತ್ತು. ಆ ಹೆದರಿಕೆಯಲ್ಲೇ ಒಂದು ಮರ್ಯಾದೆ ಇತ್ತು. ಹಾಗೇ, ಜಗಳ ಕೇಳಿಸಿದರೂ ಕೇಳಿಸದ ಹಾಗೆ ನೀರು ತರೋಕೆ ಹೋಗುವ ಸೌಜನ್ಯ. ಮತ್ತೆ, ಓಣಿಗೆ ಮರೆವು ಇತ್ತು. ನನ್ನ ಬಗ್ಗೆ ಎಲ್ಲ ಗೊತ್ತಿರುವ ಸರ್ವರ್ ಯಾವ ಊರಿನಲ್ಲಿದೆ, ಅದರ ಮಗ ಏನು ಮಾಡುತ್ತಾನೆ, ನನಗೇನು ಗೊತ್ತು?

ಅಂದ ಹಾಗೆ, ಖಾಸಗಿ ಅನ್ನೋ ಪದವೇ ಖಾಸ್‌ನಿಂದ ಬಂದದ್ದು. ನಮ್ಮ ಕಡೆ ಖಾಸ್ ದೋಸ್ತ್, ಖಾಸ್ ಮಾತು ಅನ್ನುತ್ತೇವಲ್ಲ, ಅದೇ. ಹತ್ತಿರದವರಿಗೆ ಮಾತ್ರ ಅನ್ನೋ ಅರ್ಥ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದರು. ಆ ವಯಸ್ಸಿನಲ್ಲಿ ನಮ್ಮಪ್ಪ ಚಷ್ಮಾ ಎಲ್ಲಿ ಅಂತ ಹುಡುಕುತ್ತಿದ್ದರು.

ಹಕ್ಕು ಬಂತು, ಸರಿ. ಆದರೆ ನಮಗೆ ರೂಢಿ ಆಗಿಬಿಡುತ್ತದಲ್ಲ, ಅದಕ್ಕೇನು ಮಾಡೋದು. ಈ ಮಾತಿಗೆ ಇನ್ನೂ ಹಳೇ ಕಥೆ ಒಂದಿದೆ, 1909ರದ್ದು. ಇಂಗ್ಲೆಂಡಿನ ಫಾರ್ಸ್ಟರ್ ಬರೆದ 'ದ ಮಷೀನ್ ಸ್ಟಾಪ್ಸ್'. ಜನ ನೆಲದೊಳಗೆ ಜೇನುಗೂಡಿನ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ. ತಾಯಿ ಭೂಮಿಯ ಒಂದು ಕಡೆ, ಮಗ ಇನ್ನೊಂದು ಕಡೆ. ನೀಲಿ ಬೆಳಕಿನ ದುಂಡು ತಟ್ಟೆಯಲ್ಲಿ ಮುಖ ನೋಡಿಕೊಂಡು ಮಾತಾಡುತ್ತಾರೆ. ಆ ತಾಯಿ ಮೂರೇ ನಿಮಿಷ ಎಲ್ಲ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಗಂಟೆಗಳು ಒಂದೇ ಸಮ ಹೊಡೆದುಕೊಳ್ಳುತ್ತವೆ. ಹೊಸ ತಿಂಡಿ ಹೇಗಿದೆ, ಏನಾದರೂ ಹೊಸ ವಿಚಾರ ಹೊಳೆಯಿತಾ ಅಂತ ಕೇಳುವವರೇ. ನಮ್ಮ ಗ್ರೂಪುಗಳ ಹಾಗೇ.

ರಿಪೇರಿಯವನಾಗಿ ನನಗೆ ಹಿಡಿಸಿದ್ದು ಅದರ ಕೊನೆಯ ಭಾಗ. ಯಂತ್ರ ನಿಧಾನಕ್ಕೆ ಕೆಡುತ್ತ ಬರುತ್ತದೆ. ಸಂಗೀತದ ನಡುವೆ ಏದುಸಿರಿನಂಥ ಸದ್ದು. ಜನ ದುರಸ್ತಿ ಸಮಿತಿಗೆ ದೂರು ಕೊಡುತ್ತಾರೆ. ನೋಡುತ್ತೇವೆ ಅನ್ನುತ್ತದೆ ಸಮಿತಿ. ಸ್ವಲ್ಪ ದಿನಕ್ಕೆ ಆ ಸದ್ದೂ ಸಂಗೀತದ ಭಾಗ ಅನ್ನೋ ಹಾಗೆ ಕಿವಿಗೆ ಒಗ್ಗಿಹೋಗುತ್ತದೆ. ಆಮೇಲೆ ಗೊತ್ತಾಗುತ್ತದೆ, ದುರಸ್ತಿ ಮಾಡುವ ಯಂತ್ರವೇ ಕೆಟ್ಟಿದೆ ಅಂತ. ನನ್ನ ಅಂಗಡಿಗೆ ಎರಡು ವರ್ಷದಿಂದ ಒಡೆದ ಡಿಸ್‌ಪ್ಲೇ ಹೊತ್ತು ತಿರುಗುವವರು ಬರುತ್ತಾರೆ. ಬದಲಿಸ್ಲೇನ್ರಿ ಅಂದರೆ, "ಇರ್ಲಿ ಬಿಡಣ್ಣ, ಅದರಾಗೇ ಕಾಣ್ತದ" ಅನ್ನುತ್ತಾರೆ. ಊಟಕ್ಕೆ ಕೂತಾಗ ಬರುವ ಸಾಲ ಬೇಕಾ ಫೋನುಗಳಿಗೂ ನಾವು ಹಾಗೇ ಒಗ್ಗಿದ್ದೇವೆ. ನನ್ನ ನಂಬರ್ ನಿನಗೆ ಕೊಟ್ಟವರು ಯಾರು ಅಂತ ಮೊದಮೊದಲು ಕೇಳುತ್ತಿದ್ದೆ. ಈಗ ನಾನೂ ಕೇಳೋದಿಲ್ಲ.

ಚೀಟಿ ವಿಷಯ ಬಿಟ್ಟುಹೋಯಿತು. ಮೊದಲೆಲ್ಲ ನಾನು ಹಳೇ ಚೀಟಿಗಳನ್ನು ಮೂಟೆ ಕಟ್ಟಿ ರದ್ದಿಗೆ ಹಾಕುತ್ತಿದ್ದೆ. ಒಂದು ಸಂಜೆ ಮಳೆ ಬಂತು ಅಂತ ಮಿರ್ಚಿ ಭಜಿ ತರಿಸಿದೆ. ಕಟ್ಟಿಕೊಟ್ಟ ಕಾಗದ ಯಾರದೋ ಅರ್ಜಿಯ ಜೆರಾಕ್ಸು. ಒಂದು ಹೆಣ್ಣುಮಗಳ ಫೋಟೋ, ಹುಟ್ಟಿದ ದಿನ, ಫೋನ್ ನಂಬರ್, ಮೇಲೆ ಎಣ್ಣೆ. ಭಜಿ ಸೇರಲಿಲ್ಲ. ಅವತ್ತಿಂದ ಫೋನಿನ ಜೊತೆ ಚೀಟಿಯನ್ನೂ ಗಿರಾಕಿ ಕೈಗೇ ಕೊಟ್ಟು, ಹರಿದು ಹಾಕ್ರಿ ಅನ್ನುತ್ತೇನೆ.

ಆಳಂದದ ಕಾಕಾ ಮರುದಿನ ಬಂದರು. ಡಿಸ್‌ಪ್ಲೇ ಹಾಕಿದ್ದೆ. ಅತ್ತಿತ್ತ ಬೆರಳಾಡಿಸಿ ನೋಡಿ ಖುಷಿಯಾದರು. ಚೀಟಿ ಕೊಟ್ಟು, ಇದರಲ್ಲಿ ನಿಮ್ಮ ಲಾಕ್ ನಂಬರ್ ಇದೆ, ಇಲ್ಲೇ ಹರಿದು ಹಾಕ್ರಿ ಅಂತ ಹೇಳಿದೆ. ಕಾಕಾ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಪೆನ್ನು ಕೇಳಿದರು. ನಾನು ಬರೆದುಕೊಳ್ಳದ ಆ ರೊಕ್ಕದ ನಂಬರನ್ನೂ ತಾವೇ ಕೆಳಗೆ ಬರೆದು, ನಾಲ್ಕು ಮಡಿಕೆ ಮಾಡಿ, ಫೋನಿನ ಕವರ್ ಬಿಚ್ಚಿ ಹಿಂದೆ ಇಟ್ಟುಕೊಂಡರು.

"ಮರ್ತ್ರ ಮತ್ತ ಬೇಕಾಗ್ತದಲ್ಲ" ಅಂದರು.